ನೀವು ಎಲ್ಲಿ ನಿಂತಿದ್ದೀರಿ? ಹೆಣ್ಣಿನ ಶೃಂಗಾರ ಚಿತ್ರಗಳನ್ನು ನೋಡುವುದು ಹೇಗೆ

ಗ್ಯಾಲರಿಯ ಗೋಡೆಯ ಮೇಲೆ ಬಟ್ಟೆ ಕಡಿಮೆಯಿರುವ ಹೆಣ್ಣಿನ ಚಿತ್ರ ಇದ್ದರೆ ಅದರ ಮುಂದೆ ಎರಡು ಥರದ ಜನ ಕಾಣುತ್ತಾರೆ. ಒಬ್ಬರು ಫೋನ್ ನೋಡಿಕೊಂಡು ಸರಸರ ಮುಂದೆ ಹೋಗುತ್ತಾರೆ. ಇನ್ನೊಬ್ಬರು ನಿಂತು, ಗಂಟಲು ಸರಿಮಾಡಿಕೊಂಡು, ‘ಬೆಳಕು ಚೆನ್ನಾಗಿ ಬಂದಿದೆ’ ಅನ್ನುತ್ತಾರೆ. ಮೊದಲನೆಯವರಿಗೆ ಮೈ ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೆಯವರು ಮೈ ಕಾಣಲೇ ಇಲ್ಲ ಅನ್ನುವ ಹಾಗೆ ನಟಿಸಿದರು. ಚಿತ್ರವನ್ನು ಇಬ್ಬರೂ ನೋಡಲಿಲ್ಲ.

ಇಂಥ ಚಿತ್ರಗಳ ಬಗ್ಗೆ ಮಾತು ಬಂದಾಗ ಇಣುಕಿ ನೋಡುವ ಚಪಲವನ್ನು ಒಂದು ಕಡೆ, ಸಂಕೇತಗಳನ್ನು ಇನ್ನೊಂದು ಕಡೆ ಇಡುವುದು ರೂಢಿ. ಒಂದು ಕೆಟ್ಟದ್ದು, ಇನ್ನೊಂದು ಘನವಾದದ್ದು ಅನ್ನುವ ಹಾಗೆ. ನನ್ನ ಅನುಭವದಲ್ಲಿ ಅವೆರಡೂ ಒಂದೇ ಹಗ್ಗದ ಎಳೆಗಳು. ತಾವರೆ, ಕನ್ನಡಿ, ಗಿಳಿ, ಪುರಾಣದ ಹೆಸರು ಇವೆಲ್ಲ ಎಷ್ಟೋ ಸಲ ಇಣುಕುವುದಕ್ಕೆ ಸಿಕ್ಕ ಪರವಾನಗಿ. ಕೆಲವು ಸಲ ಅದೇ ಸಂಕೇತಗಳು ಇಣುಕುವವನನ್ನು ಹಿಡಿದುಕೊಡುತ್ತವೆ. ಯಾವ ಚಿತ್ರ ಯಾವ ಬಗೆಯದು ಅಂತ ತಿಳಿಯಲು ಕೆಳಗಿನ ಹಂತಗಳು ಸಹಾಯ ಮಾಡುತ್ತವೆ.

ಹೊರಡುವ ಮೊದಲು

ಬೆಂಗಳೂರಿನಲ್ಲಿ ಕಣ್ಣು ಪಳಗಿಸಲು ಜಾಗಗಳಿಗೆ ಬರವಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್, ಅಂದರೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಇದೆ. ಪೇಂಟಿಂಗ್ ಜೊತೆಗೆ ಹಳೆಯ ಮುದ್ರಿತ ಚಿತ್ರಗಳು, ಸಿನಿಮಾ ಪೋಸ್ಟರ್, ಫೋಟೊಗಳ ಸಂಗ್ರಹವೂ ಅದರ ಬಳಿ ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು ನಿಮಗೆ ಗೊತ್ತೇ ಇದೆ. ಮೊದಲಿನ ಎರಡಕ್ಕೂ ಸೋಮವಾರ ರಜೆ.

ಗೋಡೆಯ ಮೇಲಿನ ಚಿತ್ರಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಇಂಥದೇ ಚಿತ್ರ ನೋಡಬೇಕು ಅಂತ ಹಟ ಹಿಡಿದು ಹೋಗಬೇಡಿ. ರವಿವರ್ಮನ ಕೈಯಿಂದಲೇ ಬಂದದ್ದು ಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆ ಇದೆ. ರೈಲು ಹತ್ತುವ ಮುನ್ನ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ. ಯುರೋಪಿನ ಚಿತ್ರಗಳನ್ನು ಆಯಾ ಮ್ಯೂಸಿಯಂಗಳ ವೆಬ್‌ಸೈಟಿನಲ್ಲಿ ನೋಡಬಹುದು. ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡಿ. ಇಂಥ ಚಿತ್ರಗಳಲ್ಲಿ ಅಸಲಿ ವಿಷಯ ಜಾಸ್ತಿ ಇರುವುದು ಮೂಲೆಗಳಲ್ಲಿ.

ವಾರದ ನಡುವೆ ಬೆಳಿಗ್ಗೆ ಹೋದರೆ ಜನ ಕಡಿಮೆ. ಹಿಂದೆ ಯಾರಾದರೂ ನಿಂತಿದ್ದರೆ ನಮ್ಮವರಿಗೆ ಮುಜುಗರ, ಅಲ್ವಾ?

ಹಂತ 1: ಕಣ್ಣು ಮೊದಲು ಎಲ್ಲಿಗೆ ಹೋಯಿತು?

ಪಕ್ಕದ ಚೀಟಿ ಓದುವ ಮೊದಲು ಐದು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ನಿಮಗೆ ನೀವೇ ಪ್ರಾಮಾಣಿಕವಾಗಿ ಹೇಳಿಕೊಳ್ಳಿ. ಎದೆಗೆ ಹೋಯಿತಾ? ಹೋಗಲಿ, ತಪ್ಪೇನಿಲ್ಲ. ಬಹುಶಃ ಚಿತ್ರಕಾರ ಬೆಳಕನ್ನು ಅಲ್ಲೇ ಸುರಿದಿದ್ದಾನೆ. ಸೆರಗಿನ ಅಂಚು, ಹಾರದ ಇಳಿಜಾರು, ಬಿಚ್ಚಿದ ಕೂದಲು ಎಲ್ಲವೂ ಬಾಣದ ಗುರುತಿನ ಹಾಗೆ ಅತ್ತಲೇ ಕೈ ತೋರಿಸುತ್ತಿರಬಹುದು. ನಿಮ್ಮ ಕಣ್ಣನ್ನು ಯಾರೋ ಕೈ ಹಿಡಿದು ಕರೆದುಕೊಂಡು ಹೋಗಿದ್ದಾರೆ. ಹೇಗೆ ಕರೆದುಕೊಂಡು ಹೋದರು ಅನ್ನುವುದನ್ನು ಎರಡು ಸಾಲು ಬರೆದುಕೊಳ್ಳಿ. ಪೆನ್ಸಿಲ್ ಇಟ್ಟುಕೊಂಡಿರಿ. ಚಿತ್ರಗಳ ಹತ್ತಿರ ಪೆನ್ ತೆಗೆದರೆ ಕಾವಲಿನವರಿಗೆ ಗಾಬರಿ.

ಹಂತ 2: ನಿಮ್ಮ ಜಾಗ ಹುಡುಕಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಚಿತ್ರದೊಳಗಿನ ಕೋಣೆಯಲ್ಲಿ ಅಥವಾ ತೋಟದಲ್ಲಿ ನೀವು ನಿಜವಾಗಿ ಇದ್ದಿದ್ದರೆ ಎಲ್ಲಿ ಇರುತ್ತಿದ್ದಿರಿ? ಮಲಗಿದವಳ ಮಂಚದ ಪಕ್ಕ ನಿಂತು ಕೆಳಗೆ ನೋಡುತ್ತಿದ್ದೀರಾ? ಪೊದೆಯ ಹಿಂದೆ ಇದ್ದೀರಾ? ಅರ್ಧ ಸರಿಸಿದ ಪರದೆಯ ಈಚೆ ಇದ್ದೀರಾ? ಬಾಗಿಲ ಚೌಕಟ್ಟು, ಎಲೆ, ಪರದೆ, ಕಿಟಕಿಯ ಸರಳು ಏನಾದರೂ ನಿಮಗೂ ಅವಳಿಗೂ ನಡುವೆ ಬಂದಿದ್ದರೆ, ಚಿತ್ರ ನಿಮ್ಮನ್ನು ಅವಿತುಕೊಳ್ಳುವ ಜಾಗದಲ್ಲಿ ನಿಲ್ಲಿಸಿದೆ ಅಂತ ಅರ್ಥ.

ಫ್ರಾನ್ಸಿನ ಆಂಗ್ರ್ ಬರೆದ ‘ಟರ್ಕಿಯ ಸ್ನಾನಗೃಹ’ ಇದಕ್ಕೆ ತೀರಾ ನೇರವಾದ ಉದಾಹರಣೆ. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಮೊದಲು ಅದು ಚೌಕದ ಚಿತ್ರವಾಗಿತ್ತು. ಆಮೇಲೆ ಅವನೇ ಅದನ್ನು ದುಂಡಗೆ ಮಾಡಿ 1862ರಲ್ಲಿ ಮುಗಿಸಿದ. ದುಂಡು ಆಕಾರದಿಂದಾಗಿ ಬೀಗದ ಕಿಂಡಿಯಲ್ಲಿ ನೋಡಿದ ಹಾಗಾಗುತ್ತದೆ. ಒಳಗೆ ಹತ್ತಾರು ಬೆತ್ತಲೆ ಹೆಂಗಸರು. ಒಬ್ಬಳೂ ನಮ್ಮನ್ನು ಗಮನಿಸುವುದಿಲ್ಲ. ಆಂಗ್ರ್ ಆ ಕಡೆಯ ದೇಶಗಳಿಗೆ ಯಾವತ್ತೂ ಹೋದವನಲ್ಲ. ಬ್ರಿಟಿಷ್ ಮಹಿಳೆಯೊಬ್ಬಳು ನೂರಕ್ಕೂ ಹೆಚ್ಚು ವರ್ಷ ಹಿಂದೆ ಬರೆದಿದ್ದ ಪತ್ರಗಳೇ ಅವನಿಗೆ ಆಧಾರ. ಆಕೆ ಒಳಗೆ ಅತಿಥಿಯಾಗಿ ಕೂತು ಕಂಡದ್ದನ್ನು ಈತ ಕಿಂಡಿಯಾಚೆಗೆ ತಳ್ಳಿಬಿಟ್ಟ.

ಇನ್ನೂ ಸೂಕ್ಷ್ಮವಾದ ಪರೀಕ್ಷೆ ಒಂದಿದೆ. ಕಥೆಯಲ್ಲಿ ಇದ್ದು ಚಿತ್ರದಲ್ಲಿ ಇಲ್ಲದ ಗಂಡಸು ಯಾರು? ಅವನು ಎಲ್ಲಿ ಹೋದ?

ರೆಂಬ್ರಾಂಟ್ 1654ರಲ್ಲಿ ಬತ್‌ಷೆಬಾಳ ಚಿತ್ರ ಬರೆದ. ಬೈಬಲ್ ಕಥೆಯಲ್ಲಿ ಅವಳು ಸ್ನಾನ ಮಾಡುವುದನ್ನು ದಾವೀದ ರಾಜ ಮಾಳಿಗೆಯಿಂದ ನೋಡುತ್ತಾನೆ, ಆಮೇಲೆ ಹೇಳಿಕಳಿಸುತ್ತಾನೆ. ರೆಂಬ್ರಾಂಟನ ಚಿತ್ರದಲ್ಲಿ ರಾಜ ಇಲ್ಲ, ಮಾಳಿಗೆಯೂ ಇಲ್ಲ. ಬೆತ್ತಲೆ ಕೂತ ಬತ್‌ಷೆಬಾ, ಕಾಲು ಒರೆಸುವ ಸೇವಕಿ, ಕೈಯಲ್ಲಿ ಒಂದು ಪತ್ರ ಮಾತ್ರ. ಖಾಲಿಯಾದ ರಾಜನ ಜಾಗದಲ್ಲಿ ಈಗ ನೀವು ಇದ್ದೀರಿ. ಆದರೆ ಪತ್ರ ಓದಿದವಳ ಮುಖ ನೋಡಿ. ಹೋದರೂ ಕಷ್ಟ, ಹೋಗದಿದ್ದರೂ ಕಷ್ಟ ಅನ್ನುವ ಯೋಚನೆ ಅಲ್ಲಿದೆ. ಆ ಮುಖ ಕಂಡ ಮೇಲೆ ಮೈಯನ್ನು ಮೊದಲಿನ ಹಾಗೆ ನೋಡಲು ಆಗುವುದಿಲ್ಲ.

ಈಗ ರವಿವರ್ಮನ ಶಕುಂತಲೆಗೆ ಬನ್ನಿ. ಗೆಳತಿಯ ಆಸರೆ ಹಿಡಿದು, ಕಾಲಿನ ಮುಳ್ಳು ತೆಗೆಯುವ ಹಾಗೆ ನಿಂತು, ತಿರುಗಿ ನೋಡುವ ಚಿತ್ರ. ಕ್ಯಾಲೆಂಡರಿನಲ್ಲೋ ಪಠ್ಯಪುಸ್ತಕದಲ್ಲೋ ನೀವು ಕಂಡಿರುತ್ತೀರಿ. ಇಲ್ಲೂ ದುಷ್ಯಂತ ಇಲ್ಲ. ಹಾಗಾದರೆ ನಾವೇ ದುಷ್ಯಂತನಾ? ಅವಳ ಕಣ್ಣಿನ ದಿಕ್ಕು ನೋಡಿದರೆ ಅಲ್ಲ ಅಂತ ಗೊತ್ತಾಗುತ್ತದೆ. ಅವಳು ನಮ್ಮ ಕಡೆ ತಿರುಗಿಲ್ಲ. ದುಷ್ಯಂತ ಚೌಕಟ್ಟಿನ ಆಚೆ ಎಲ್ಲೋ ಇದ್ದಾನೆ. ಕಾಳಿದಾಸನ ನಾಟಕದಲ್ಲಿ ಮೊದಲು ಕದ್ದು ನೋಡುವವನು ರಾಜ. ಗಿಡಗಳಿಗೆ ನೀರು ಹಾಕುವ ಹುಡುಗಿಯರನ್ನು ಮರೆಯಲ್ಲಿ ನಿಂತು ನೋಡುತ್ತಾನೆ. ಆಮೇಲೆ ಶಕುಂತಲೆ ಕಾಲಿಗೆ ದರ್ಭೆ ಚುಚ್ಚಿತು ಅನ್ನುವ ನೆಪದಲ್ಲಿ ನಿಂತು ಅವನನ್ನು ನೋಡುತ್ತಾಳೆ. ರವಿವರ್ಮ ಆರಿಸಿಕೊಂಡದ್ದು ಈ ಗಳಿಗೆಯನ್ನು. ಅಂದರೆ ಚಿತ್ರದಲ್ಲಿ ಕದ್ದು ನೋಡುತ್ತಿರುವವಳು ಹೆಣ್ಣು. ನಾವು ಕಳ್ಳನೋಟವನ್ನು ಪಕ್ಕದಿಂದ ನೋಡುವ ಮೂರನೆಯವರು. ಸೀರೆಯ ನೆರಿಗೆ, ಸೊಂಟದ ತಿರುವು ಎಲ್ಲ ನಮಗೋಸ್ಕರವೇ ಇವೆ, ಅದು ನಿಜ. ಆದರೆ ಆಸೆ ಅವಳದೂ ಹೌದು. ಅದಕ್ಕೇ ಈ ಚಿತ್ರ ಅವನ ಎಷ್ಟೋ ಅಪ್ಸರೆಯರಿಗಿಂತ ನನಗೆ ಇಷ್ಟ.

ಹಂತ 3: ಅವಳ ಕಣ್ಣು, ಅವಳ ಕೈ

ನೀವು ಎಲ್ಲಿದ್ದೀರಿ ಅಂತ ಅವಳಿಗೆ ಗೊತ್ತಾ? ಗೊತ್ತಿದ್ದರೆ ಅದಕ್ಕೆ ಅವಳು ಏನು ಹೇಳುತ್ತಿದ್ದಾಳೆ?

ಟಿಷಿಯನ್ 1538ರಲ್ಲಿ ಬರೆದ ‘ಉರ್ಬಿನೊದ ವೀನಸ್’ ಫ್ಲಾರೆನ್ಸ್‌ನಲ್ಲಿದೆ. ವೀನಸ್ ಅಂದರೆ ರೋಮನ್ನರ ಪ್ರೇಮದೇವತೆ. ಮಲಗಿದವಳು ನಮ್ಮನ್ನೇ ನೋಡುತ್ತಾಳೆ. ಕಾಲಬಳಿ ನಾಯಿ ನಿದ್ದೆ ಮಾಡುತ್ತಿದೆ. ಬಂದವರು ಪರಿಚಿತರು, ನಾಯಿಯೂ ಬೊಗಳುವುದಿಲ್ಲ ಅನ್ನುವ ಹಾಗೆ. ಮಾನೆ 1863ರಲ್ಲಿ ಬರೆದ ‘ಒಲಿಂಪಿಯಾ’ ಅದೇ ಭಂಗಿ ತೆಗೆದುಕೊಂಡಿತು. ನಾಯಿಯ ಜಾಗದಲ್ಲಿ ಬೆನ್ನು ಸೆಟೆಸಿದ ಕರಿ ಬೆಕ್ಕು ಬಂತು. ಮೃದುವಾಗಿ ಬಾಗಿದ್ದ ಕೈ ಇಲ್ಲಿ ಗಟ್ಟಿಯಾಗಿ ಊರಿದ ಕೈಯಾಯಿತು. 1865ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಟ್ಟಾಗ ಜನ ಕೆರಳಿದರು, ಚಿತ್ರಕ್ಕೆ ಕಾವಲು ಹಾಕಬೇಕಾಯಿತು. ಬೆತ್ತಲೆ ಮೈ ಅವರಿಗೆ ಹೊಸದಾಗಿರಲಿಲ್ಲ. ಎರಡೇ ವರ್ಷ ಹಿಂದೆ ಅಂಥದೇ ಪ್ರದರ್ಶನದಲ್ಲಿದ್ದ ಕಬನೆಲ್‌ನ ಬೆತ್ತಲೆ ವೀನಸ್ಸನ್ನು ಚಕ್ರವರ್ತಿಯೇ ಕೊಂಡಿದ್ದ. ಆ ವೀನಸ್ ಅಲೆಗಳ ಮೇಲೆ ಮೈಮರೆತು ಮಲಗಿದ್ದಳು. ಒಲಿಂಪಿಯಾ ಹಾಗಲ್ಲ. ದುಡ್ಡು ಕೊಟ್ಟು ಬಂದ ಗಿರಾಕಿಯನ್ನು ಅಳೆಯುವ ಹಾಗೆ ನೋಡಿದಳು. ಮರೆಯಲ್ಲಿದ್ದವರ ಮೇಲೆ ಟಾರ್ಚ್ ಬಿದ್ದಂತಾಯಿತು.

ಕಣ್ಣು ನೋಡಿದ ಮೇಲೆ ಕೈ ನೋಡಿ. ಅವಳ ಕೈಗೆ ಏನಾದರೂ ಕೆಲಸ ಇದೆಯಾ? ಇದು ಚಿಕ್ಕ ಪ್ರಶ್ನೆ, ಆದರೆ ತುಂಬ ಕೆಲಸಕ್ಕೆ ಬರುತ್ತದೆ. ಚಿತ್ರ ಬಿಟ್ಟು ಶಿಲ್ಪಕ್ಕೆ ಹೋದರೆ ಬೇಲೂರಿನ ಮದನಿಕೆಯರನ್ನು ನೆನಪಿಸಿಕೊಳ್ಳಿ. 1117ರ ಚೆನ್ನಕೇಶವ ದೇವಸ್ಥಾನ, ಬೆಂಗಳೂರಿನಿಂದ ಒಂದು ದಿನದ ಪ್ರಯಾಣ. ಒಬ್ಬಳು ಡೋಲು ಬಾರಿಸುತ್ತಾಳೆ, ಒಬ್ಬಳು ಬೇಟೆಗೆ ನಿಂತಿದ್ದಾಳೆ, ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಗಿಳಿಯ ಜೊತೆ ಮಾತಾಡುತ್ತಾಳೆ. ತುಂಬಿದ ಮೈ, ಜಾಸ್ತಿ ಒಡವೆ, ಕಡಿಮೆ ಬಟ್ಟೆ. ಆದರೂ ಸುಮ್ನೆ ಮೈ ತೋರಿಸಲು ನಿಂತವರು ಅಂತ ಅನ್ನಿಸುವುದಿಲ್ಲ. ಅವರ ಗಮನ ಅವರವರ ಕೆಲಸದಲ್ಲಿದೆ.

ಅಮೃತಾ ಶೇರ್‌ಗಿಲ್ 1940ರಲ್ಲಿ ಬರೆದ, ಚಾರ್ಪಾಯಿಯ (ಹಗ್ಗದ ಮಂಚದ) ಮೇಲೆ ಒರಗಿದ ಹೆಂಗಸಿನ ಚಿತ್ರವನ್ನೂ ಹುಡುಕಿ ನೋಡಿ. ಮೂಲ ದೆಹಲಿಯಲ್ಲಿದೆ. ಕೆಂಪು ಬಟ್ಟೆ ಮೈತುಂಬ ಇದೆ, ಪಕ್ಕದಲ್ಲಿ ಬೀಸಣಿಗೆ ಹಿಡಿದವಳು ಇದ್ದಾಳೆ. ಒಂದಿಷ್ಟೂ ಬೆತ್ತಲೆ ಇಲ್ಲ, ಆದರೆ ಚಿತ್ರದ ತುಂಬ ಬೇಗೆ ಇದೆ. ಆ ಬೇಗೆ ನೋಡುವವನದಲ್ಲ, ಮಲಗಿದವಳದು. ಟಿಷಿಯನ್ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಹಂತ 4: ಸಂಕೇತಗಳನ್ನು ಗುಂಪಾಗಿ ಓದಿ

ತಾವರೆ ಅಂದರೆ ಪವಿತ್ರತೆ, ಹಾವು ಅಂದರೆ ಕಾಮ. ಇಂಥ ಪಟ್ಟಿ ಇಟ್ಟುಕೊಂಡು ಹೋದರೆ ಚಿತ್ರ ನೋಡುವುದು ಪದಬಂಧ ಬಿಡಿಸಿದ ಹಾಗಾಗುತ್ತದೆ. ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಕೇಳಿ. ಅದು ಎಲ್ಲಿದೆ? ಅವಳ ಮೈಗೂ ಅದಕ್ಕೂ ಏನು ಸಂಬಂಧ? ಅದನ್ನು ತೆಗೆದರೆ ಚಿತ್ರದಲ್ಲಿ ಏನು ಕಡಿಮೆಯಾಗುತ್ತದೆ?

ರಾಜಸ್ಥಾನದ ಮತ್ತು ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಕಿರುಚಿತ್ರಗಳಲ್ಲಿ (ಮಿನಿಯೇಚರ್ ಪೇಂಟಿಂಗ್) ಇದನ್ನು ಕಲಿಯುವುದು ಸುಲಭ. ಅಲ್ಲಿ ನಾಯಿಕೆಯರ ಎಂಟು ಅವಸ್ಥೆಗಳನ್ನು ಬರೆಯುವ ಸಂಪ್ರದಾಯ ಇದೆ. ಹಾಸಿಗೆ ಸಿದ್ಧ ಮಾಡಿಕೊಂಡು ಕಾಯುವವಳು ವಾಸಕಸಜ್ಜೆ. ರಾತ್ರಿ ಬೇರೆಲ್ಲೋ ಕಳೆದು ಬೆಳಿಗ್ಗೆ ಬಂದ ನಲ್ಲನ ಮೇಲೆ ಸಿಟ್ಟಾದವಳು ಖಂಡಿತೆ. ಕತ್ತಲಲ್ಲಿ ತಾನೇ ನಲ್ಲನನ್ನು ಹುಡುಕಿ ಹೊರಟವಳು ಅಭಿಸಾರಿಕೆ. ಅಭಿಸಾರಿಕೆಯ ಚಿತ್ರದಲ್ಲಿ ಮಿಂಚು, ಮಳೆ, ಕಾಲಬಳಿ ಹಾವು, ಕೆಲವು ಸಲ ಪಿಶಾಚಿಗಳೂ ಇರುತ್ತವೆ. ಕಾಲಿನಿಂದ ಜಾರಿದ ಗೆಜ್ಜೆಯ ಕಡೆ ಅವಳು ತಿರುಗಿ ನೋಡುತ್ತಾಳೆ. ಹಾವು ಕಾಮ ಅಂತ ಬರೆದುಕೊಂಡು ಮುಂದೆ ಹೋದರೆ ಮುಖ್ಯ ವಿಷಯ ತಪ್ಪಿಹೋಗುತ್ತದೆ. ಹಾವು, ಮಿಂಚು, ಪಿಶಾಚಿ ಎಲ್ಲವೂ ಸೇರಿ ಹೇಳುವುದು ಅವಳ ಧೈರ್ಯವನ್ನು. ಚಿತ್ರ ಶೃಂಗಾರದ್ದೇ. ಆದರೆ ಇಣುಕಲು ಜಾಗವೇ ಇಲ್ಲ. ಅವಳು ನಿಲ್ಲುವುದಿಲ್ಲ, ನಡೆದು ಹೋಗುತ್ತಿದ್ದಾಳೆ.

ಗಿಳಿಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಮನ್ಮಥನ ವಾಹನ ಗಿಳಿ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಗಿಳಿ ಸಾಕ್ಷಿಯೂ ಹೌದು. ಹಳೆಯ ಸಂಸ್ಕೃತ ಪದ್ಯವೊಂದರಲ್ಲಿ ಗಿಳಿ ರಾತ್ರಿ ಕೇಳಿಸಿಕೊಂಡ ಮಾತುಗಳನ್ನೆಲ್ಲ ಬೆಳಿಗ್ಗೆ ಹಿರಿಯರ ಮುಂದೆ ಒದರಲು ಶುರು ಮಾಡುತ್ತದೆ. ನಾಚಿದ ಸೊಸೆ ಕಿವಿಯ ಕೆಂಪು ಹರಳನ್ನು ದಾಳಿಂಬೆ ಬೀಜ ಅಂತ ಅದರ ಕೊಕ್ಕಿಗೆ ತುರುಕುತ್ತಾಳೆ. ಹಾಗಾಗಿ ಮಲಗುವ ಕೋಣೆಯ ಚಿತ್ರದಲ್ಲಿ ಪಂಜರ ಕಂಡರೆ ಒಳಗೆ ಇನ್ನೊಂದು ಜೊತೆ ಕಣ್ಣು ಇದೆ ಅಂತ ತಿಳಿಯಿರಿ. ಗಿಳಿ ಯಾರ ಕಡೆ ತಿರುಗಿದೆ? ಅವಳ ಕಡೆಯಾ, ನಿಮ್ಮ ಕಡೆಯಾ?

ಆಮೇಲೆ ನೆಪಗಳು ಬರುತ್ತವೆ. ಇವನ್ನು ನಾನು ಬೇರೆಯೇ ಗುಂಪಾಗಿ ಇಟ್ಟುಕೊಂಡಿದ್ದೇನೆ: ಮುಳ್ಳು, ಚೇಳು, ಕೋತಿ, ಗಾಳಿ, ನೀರು. ಶಕುಂತಲೆಗೆ ಮುಳ್ಳು. ಬೇಲೂರಿನಲ್ಲಿ ಒಬ್ಬ ಮದನಿಕೆಯ ಸೀರೆಯನ್ನು ಕೋತಿ ಎಳೆಯುತ್ತದೆ. ಇನ್ನೊಬ್ಬಳು ಬಟ್ಟೆ ಕೊಡವುತ್ತಿದ್ದಾಳೆ, ಕೆಳಗೆ ಚೇಳು ಕಾಣುತ್ತದೆ. ಸ್ನಾನ ಮುಗಿಸಿ ಕೂದಲು ಹಿಂಡುವವಳ ಚಿತ್ರದಲ್ಲಿ ಹನಿಗಳನ್ನು ಮುತ್ತು ಅಂದುಕೊಂಡು ಹಂಸ ಕೊಕ್ಕು ತೆರೆದಿರುತ್ತದೆ. ಚೇಳು ಕಾಮದ ಸಂಕೇತ ಅನ್ನುತ್ತಾರೆ, ಇರಬಹುದು. ಅದರ ಜೊತೆಗೆ ಬಟ್ಟೆ ಜಾರುವುದಕ್ಕೆ ಅದು ಕಾರಣವನ್ನೂ ಒದಗಿಸುತ್ತದೆ. ‘ನಾನೇನೂ ಬಿಚ್ಚಿಸಲಿಲ್ಲ, ಚೇಳು ಬಂತು’ ಅಂತ ಶಿಲ್ಪಿ ಕೈ ತೊಳೆದುಕೊಳ್ಳಬಹುದು. ನೋಡುವವರೂ ಅಷ್ಟೆ. ಸಂಕೇತ ಮತ್ತು ಇಣುಕುನೋಟ ಒಂದೇ ವಸ್ತುವಿನಲ್ಲಿ ಸೇರುವುದು ಇಂಥ ಕಡೆ. ಆದರೂ ಈ ಶಿಲ್ಪಗಳ ತುಂಟತನ ನನಗೆ ಇಷ್ಟ. ನೆಪ ನೆಪವೇ ಅಂತ ಅವು ಮುಚ್ಚಿಡುವುದಿಲ್ಲ.

ಕನ್ನಡಿ ಇದ್ದರೆ ಒಂದು ಸರಳ ಲೆಕ್ಕ ಹಾಕಿ. ಕನ್ನಡಿಯಲ್ಲಿ ಅವಳ ಮುಖ ನಿಮಗೆ ಕಂಡರೆ ಅದೇ ಜಾಗದಲ್ಲಿ ಅವಳಿಗೆ ಕಾಣುವುದು ನೀವು. ಬೆಳಕಿನ ನಿಯಮ ಅದು. ಸ್ಪೇನಿನ ವೆಲಾಸ್ಕೆಸ್‌ನ ವೀನಸ್ ನಮಗೆ ಬೆನ್ನು ಹಾಕಿ ಮಲಗಿದ್ದಾಳೆ, ಎದುರಿನ ಕನ್ನಡಿಯಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತದೆ. ತನ್ನ ಚೆಲುವನ್ನೇ ನೋಡಿಕೊಳ್ಳುತ್ತಿದ್ದಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕದ ಪ್ರಕಾರ ಅವಳು ನಮ್ಮನ್ನು ಹಿಡಿದುಹಾಕಿದ್ದಾಳೆ. ಬೇಲೂರಿನ ದರ್ಪಣ ಸುಂದರಿಯ ಕನ್ನಡಿ ಬೇರೆ ಥರ. ಅದು ಅವಳ ಕಡೆ ತಿರುಗಿದೆ. ಅದರಲ್ಲಿ ನಮಗೆ ಪಾಲಿಲ್ಲ.

ಕೂದಲಿಗೂ ಒಂದು ಮಾತು. ಬಿಚ್ಚಿದ ಕೂದಲು ಅಂದರೆ ಶೃಂಗಾರ ಅಂತ ನಿಯಮ ಮಾಡಿಕೊಂಡರೆ ನಮ್ಮ ಮನೆಗಳ ಅಕ್ಕಮಹಾದೇವಿಯ ಪಟದ ಮುಂದೆ ಆ ನಿಯಮ ಬಿದ್ದುಹೋಗುತ್ತದೆ. ಬಟ್ಟೆಯನ್ನೇ ಬಿಟ್ಟವಳ ಮೈಯನ್ನು ಕೂದಲು ಮುಚ್ಚಿದೆ. ಕಣ್ಣು ಲಿಂಗದ ಮೇಲಿದೆ ಅಥವಾ ಅರೆಮುಚ್ಚಿದೆ. ಇಣುಕುವವನಿಗೆ ಅಲ್ಲಿ ಏನೂ ಸಿಗುವುದಿಲ್ಲ. ಬೆತ್ತಲೆ ಇದ್ದ ಕಡೆಯೆಲ್ಲ ಇಣುಕುನೋಟ ಇರಲೇಬೇಕು ಅಂತ ಏನಿಲ್ಲ.

ಹಂತ 5: ಹೆಸರು ತೆಗೆದು ನೋಡಿ

ಈಗ ಪಕ್ಕದ ಚೀಟಿ ಓದಿ. ಓದಿದ ಮೇಲೆ ಆ ಹೆಸರನ್ನು ಕೈಯಿಂದ ಮುಚ್ಚಿದ ಹಾಗೆ ಮನಸ್ಸಿನಲ್ಲೇ ಅಳಿಸಿ. ವೀನಸ್, ಮೇನಕೆ, ತಿಲೋತ್ತಮೆ ಅನ್ನುವ ಹೆಸರು ಹೋದ ಮೇಲೆ ಗೋಡೆಯ ಮೇಲೆ ಏನು ಉಳಿಯಿತು?

ಹೆಸರಿನ ಬೆಲೆ ಗೊತ್ತಾಗಬೇಕಾದರೆ ಸ್ಪೇನಿನ ಚಿತ್ರಕಾರ ಗೋಯಾನ ಕಥೆ ಕೇಳಿ. 1800ರ ಆಸುಪಾಸಿನಲ್ಲಿ ಅವನು ‘ಬೆತ್ತಲೆ ಮಾಹಾ’ ಬರೆದ. ಠೀಕಾಗಿ ಅಲಂಕರಿಸಿಕೊಳ್ಳುವ ಸಾಮಾನ್ಯ ವರ್ಗದ ಹೆಣ್ಣಿಗೆ ಅಲ್ಲಿ ಮಾಹಾ ಅನ್ನುತ್ತಿದ್ದರು. ಅವಳಿಗೆ ದೇವತೆಯ ಹೆಸರಿಲ್ಲ, ವೀನಸ್ ಜೊತೆ ಬರೆಯುವ ರೆಕ್ಕೆಯ ಮಗುವಿಲ್ಲ. ಮ್ಯಾಡ್ರಿಡ್ಡಿನ ಒಬ್ಬ ಸಾಧಾರಣ ಹೆಂಗಸು ಅನ್ನುವ ಹಾಗಿದ್ದಾಳೆ. ಪ್ರಧಾನಿಯಾಗಿದ್ದ ಗೊದೊಯ್ ಅದನ್ನು ತನ್ನ ಖಾಸಗಿ ಕೋಣೆಯಲ್ಲಿ ಇಟ್ಟುಕೊಂಡಿದ್ದ. ಅದೇ ಭಂಗಿಯ ಬಟ್ಟೆ ತೊಟ್ಟ ಇನ್ನೊಂದು ಚಿತ್ರವೂ ಅವನ ಬಳಿ ಇತ್ತು. 1815ರಲ್ಲಿ ಚರ್ಚಿನ ಧರ್ಮ ವಿಚಾರಣೆಯವರು (ಇನ್ಕ್ವಿಸಿಷನ್) ಈ ಚಿತ್ರದ ಬಗ್ಗೆ ಕೇಳಲು ಗೋಯಾನನ್ನೇ ಕರೆಸಿದರು.

ಮೈಗೆ ಹೆಸರಿನ ಮರೆ ಕೊಡುವ ಕೆಲಸವನ್ನು ನಮ್ಮಲ್ಲಿ ಪುರಾಣ ಮಾಡಿತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದವರು. ಪುರಾಣದ ಚಿತ್ರಗಳ ಕ್ಯಾಲೆಂಡರುಗಳಿಂದ ದೇಶದ ಮನೆಮನೆ ತಲುಪಿದರು. ಅವರ ಮೇನಕೆಗೂ ಆ ಕಾಲದ ಸಿನಿಮಾ ನಟಿಗೂ ಮೈಕಟ್ಟಿನಲ್ಲಿ ದೊಡ್ಡ ಅಂತರವಿಲ್ಲ. ಆದರೆ ಪಕ್ಕದಲ್ಲಿ ವಿಶ್ವಾಮಿತ್ರ ಕೂತ ಮೇಲೆ ಅಂಥ ಚಿತ್ರವನ್ನು ಅಂಗಡಿಯ ಗಲ್ಲಾದ ಹಿಂದೆ ತೂಗುಹಾಕಲು ಯಾರಿಗೂ ಸಂಕೋಚವಿಲ್ಲ.

ಹೆಸರು ತೆಗೆದರೆ ಯಾವಾಗಲೂ ಕಳ್ಳ ಸಿಕ್ಕಿಬೀಳುತ್ತಾನೆ ಅಂತ ಮಾತ್ರ ಅಂದುಕೊಳ್ಳಬೇಡಿ. ಗೋಪಿಯರ ಸೀರೆ ಕದ್ದು ಕೃಷ್ಣ ಮರದ ಮೇಲೆ ಕೂತ ಚಿತ್ರವನ್ನೇ ತೆಗೆದುಕೊಳ್ಳಿ. ಹೆಸರು ಅಳಿಸಿದರೆ ಅದು ಹೆಂಗಸರಿಗೆ ಕೊಡುವ ಕಾಟ. ಹೆಸರು ಇಟ್ಟರೆ ದೇವರ ಮುಂದೆ ಮುಚ್ಚಿಡಲು ಏನೂ ಉಳಿಯದ ಸ್ಥಿತಿ. ಭಕ್ತರು ಎರಡನೆಯದನ್ನು ಕಾಣುತ್ತಾರೆ. ಇವತ್ತಿನ ಹುಡುಗಿಯೊಬ್ಬಳು ಮೊದಲನೆಯದನ್ನು ಕಂಡರೆ ಅವಳ ಬಾಯಿ ಮುಚ್ಚಿಸಬೇಡಿ. ಚಿತ್ರದಲ್ಲಿ ಎರಡೂ ಇವೆ.

ಮೋಹಿನಿಯ ಹೆಸರು ಇನ್ನೂ ವಿಚಿತ್ರ. ಅವಳು ವಿಷ್ಣು. ನೋಡುವವರನ್ನು ಮೋಸಗೊಳಿಸಲೆಂದೇ ತೊಟ್ಟ ವೇಷ ಅದು. ಅವಳನ್ನು ಬಾಯಿ ಬಿಟ್ಟುಕೊಂಡು ನೋಡಿದ ಅಸುರರು ಅಮೃತ ಕಳೆದುಕೊಂಡರು. ರವಿವರ್ಮನ ಉಯ್ಯಾಲೆಯ ಮೋಹಿನಿಯನ್ನು ಮೆಚ್ಚಿಕೊಳ್ಳುವಾಗ ಯಾರ ಸಾಲಿನಲ್ಲಿ ಕೂತಿದ್ದೀರಿ ಅಂತ ಒಮ್ಮೆ ನೋಡಿಕೊಳ್ಳಿ.

ಹಂತ 6: ಯಾರ ಗೋಡೆಗೆ?

ದುಡ್ಡು ಕೊಟ್ಟವರು ಯಾರು, ಚಿತ್ರ ಎಲ್ಲಿ ಇತ್ತು ಅಂತ ವಿಚಾರಿಸಿ. ಟಿಷಿಯನ್‌ನ ವೀನಸ್ಸನ್ನು ಕೊಂಡವನು ಉರ್ಬಿನೊದ ದೊರೆಮನೆತನದ ಗುಯಿದೊಬಾಲ್ಡೊ. ಪಹಾಡಿ ಕಿರುಚಿತ್ರಗಳು ಗೋಡೆಗೆ ಹೋದವೇ ಅಲ್ಲ. ಕೈಯಲ್ಲಿ ಹಿಡಿದು, ಹತ್ತಿರ ತಂದು ನೋಡುವ ಹಾಳೆಗಳು ಅವು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರು ಮಾಡಿದ ಮೇಲೆ ಅರಮನೆಗೆ ಬರೆದ ಹೆಣ್ಣುಗಳು ನಡುಮನೆಗೆ ಬಂದರು. ಕೆಲವು ಮನೆಗಳಲ್ಲಿ ಆ ಮುದ್ರಿತ ಚಿತ್ರಗಳಿಗೆ ಜರಿ, ಚಮಕಿ, ಬಟ್ಟೆ ಅಂಟಿಸಿ ಸೀರೆ ಉಡಿಸುತ್ತಿದ್ದರು. ಅಂಥದ್ದು ಎಲ್ಲಾದರೂ ಕಂಡರೆ ಚೆನ್ನಾಗಿ ನೋಡಿ. ಗಂಡಸಿನ ಕಣ್ಣಿಗೆಂದು ಬರೆದ ಮೈಯನ್ನು ಇನ್ಯಾರದೋ ಕೈ ಕೂತು ಅಲಂಕಾರ ಮಾಡಿದೆ.

ಹಂತ 7: ಒಂದೇ ಕಥೆಯ ಎರಡು ಚಿತ್ರ ಪಕ್ಕಪಕ್ಕ ಇಡಿ

ಇದಕ್ಕೆ ಬೈಬಲ್ ಪರಂಪರೆಯ ಸುಸಾನಳ ಕಥೆಗಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ತೋಟದಲ್ಲಿ ಸ್ನಾನ ಮಾಡುವ ಸುಸಾನಳನ್ನು ಇಬ್ಬರು ಮುದುಕರು ಕದ್ದು ನೋಡಿ, ಆಮೇಲೆ ಹೆದರಿಸುತ್ತಾರೆ. ತಿಂತೊರೆತ್ತೊ 1550ರ ದಶಕದಲ್ಲಿ ಬರೆದ ಚಿತ್ರದಲ್ಲಿ ಅವಳು ಹೊಳೆಯುತ್ತಾ ಕೂತಿದ್ದಾಳೆ, ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಮುದುಕರು ಬೇಲಿಯ ಎರಡು ತುದಿಯಲ್ಲಿ ಇಣುಕುತ್ತಾರೆ. ಅವಳು ಪೂರ್ತಿ ಚೆನ್ನಾಗಿ ಕಾಣುವುದು ಮಾತ್ರ ನಮಗೆ. ಮುದುಕರನ್ನು ಬೈಯುತ್ತಲೇ ಅವರಿಗಿಂತ ಒಳ್ಳೆಯ ಜಾಗದಲ್ಲಿ ಕೂತಿದ್ದೇವೆ.

ಆರ್ತೆಮಿಸಿಯಾ ಜೆಂತಿಲೆಸ್ಕಿ 1610ರಲ್ಲಿ ಇದೇ ಕಥೆ ಬರೆದಳು. ಆಗ ಅವಳಿಗೆ ಇನ್ನೂ 17. ತೋಟ ಇಲ್ಲ, ಮರೆ ಇಲ್ಲ. ತಣ್ಣನೆಯ ಕಲ್ಲುಬೆಂಚಿನ ಮೇಲೆ ಸುಸಾನ ಮೈ ತಿರುಚಿ, ಎರಡೂ ಕೈ ಎತ್ತಿ ತಡೆಯುತ್ತಾಳೆ. ಮುದುಕರು ಗುಸುಗುಸು ಮಾಡುತ್ತಾ ಮೈಮೇಲೆ ಬೀಳುವಷ್ಟು ಹತ್ತಿರ ಬಾಗಿದ್ದಾರೆ. ಬೆತ್ತಲೆ ಎರಡು ಚಿತ್ರದಲ್ಲೂ ಇದೆ. ಎರಡನೆಯದರ ಮುಂದೆ ಆರಾಮಾಗಿ ನಿಲ್ಲಲು ಆಗುವುದಿಲ್ಲ.

ಉಯ್ಯಾಲೆಯದು ಹಗುರವಾದ ಜೋಡಿ. ಫ್ರಾಗೊನಾರ್‌ನ 1767ರ ಚಿತ್ರದಲ್ಲಿ ಪೊದೆಯಲ್ಲಿ ಮಲಗಿದ ಯುವಕ ಲಂಗದ ಕೆಳಗಿಂದ ನೋಡುತ್ತಾನೆ, ಅವಳ ಚಪ್ಪಲಿ ಗಾಳಿಯಲ್ಲಿ ಹಾರಿದೆ, ಪಕ್ಕದ ಮನ್ಮಥನ ಪ್ರತಿಮೆ ತುಟಿಗೆ ಬೆರಳಿಟ್ಟಿದೆ. ಕದ್ದು ನೋಡುವವನು ಚಿತ್ರದೊಳಗೇ ಸಿಕ್ಕಿಬಿದ್ದಿದ್ದಾನೆ. ರವಿವರ್ಮನ ಉಯ್ಯಾಲೆಯ ಹತ್ತಿರ ಗಂಡಸೇ ಇಲ್ಲ. ಆ ಪಾತ್ರ ಯಾರದು ಅಂತ ಎರಡನೇ ಹಂತ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನವರೇ ಆದ ಕಲಾವಿದೆ ಪುಷ್ಪಮಾಲಾ ಎನ್. ಈ ಜೋಡಿ ಆಟವನ್ನು ಇನ್ನೊಂದು ಕಡೆಗೆ ಎಳೆದರು. 2000ರಿಂದ 2004ರ ನಡುವೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಸರಣಿಯಲ್ಲಿ ಅವರೇ ವೇಷ ಹಾಕಿ, ರವಿವರ್ಮನ ‘ಬೆಳದಿಂಗಳ ಹೆಣ್ಣು’ ಥರದ ಚಿತ್ರಗಳನ್ನು ಸ್ಟುಡಿಯೊದಲ್ಲಿ ಮರುಸೃಷ್ಟಿಸಿದರು. ಭಂಗಿ ಅದೇ, ಸೀರೆ ಅದೇ, ಬೆಳಕೂ ಅದೇ. ಆದರೆ ಒಳಗೆ ಕೂತವಳೇ ಚಿತ್ರದ ಯಜಮಾನಿ. ಮೂಲವನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡಿ. ‘ಸಹಜ ಚೆಲುವು’ ಅಂದುಕೊಂಡಿದ್ದರಲ್ಲಿ ಎಷ್ಟು ಪಾಲು ಪರದೆ, ಸಾಮಾನು, ಪೋಸು ಅಂತ ಗೊತ್ತಾಗುತ್ತದೆ.

ಜಗಳ ಶುರುವಾದರೆ

ಜೊತೆಗೆ ಬಂದವರು ‘ಇದೆಲ್ಲ ಅಶ್ಲೀಲ’ ಅನ್ನಬಹುದು. ಚಿತ್ರಕಾರ ಅಕ್ಬರ್ ಪದಮ್‌ಸೀ ಮೇಲೆ 1954ರಲ್ಲಿ ಮುಂಬೈಯಲ್ಲಿ ಅಶ್ಲೀಲತೆಯ ಕೇಸು ಆಗಿತ್ತು, ಅವರು ಗೆದ್ದರು. ಹಾಗಂತ ಕಲೆ ಅಂದ ತಕ್ಷಣ ಎಲ್ಲ ಪ್ರಶ್ನೆ ನಿಲ್ಲುವುದಿಲ್ಲ. ವೆಲಾಸ್ಕೆಸ್‌ನ ಆ ವೀನಸ್ಸನ್ನು 1914ರಲ್ಲಿ ಲಂಡನ್ನಿನಲ್ಲಿ ಮೇರಿ ರಿಚರ್ಡ್‌ಸನ್ ಮಾಂಸ ಕತ್ತರಿಸುವ ಕತ್ತಿಯಿಂದ ಸೀಳಿದಳು. ಮಹಿಳೆಯರ ಮತದಾನದ ಹೋರಾಟಗಾರ್ತಿ ಅವಳು. ಗಂಡಸರು ಇಡೀ ದಿನ ಆ ಚಿತ್ರದ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವುದು ತನಗೆ ಹಿಡಿಸುತ್ತಿರಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಹೇಳಿದಳು. ಸೀಳಿದ್ದು ತಪ್ಪು. ಬಾಯಿ ಬಿಟ್ಟು ನಿಂತವರ ಬಗ್ಗೆ ಅವಳು ಹೇಳಿದ್ದು ಸುಳ್ಳಲ್ಲ.

ಇನ್ನೊಂದು ಗೆರೆ ಮಾತ್ರ ಸ್ಪಷ್ಟವಾಗಿರಲಿ. ಚಿತ್ರದಲ್ಲಿ ಇಣುಕುನೋಟ ಇರುವುದು ಚರ್ಚೆಯ ವಿಷಯ. ಒಬ್ಬ ಹೆಂಗಸಿನ ಖಾಸಗಿ ಗಳಿಗೆಯನ್ನು ಕದ್ದು ನೋಡುವುದು, ಫೋಟೊ ತೆಗೆಯುವುದು ಅಪರಾಧ. 2013ರಿಂದ ಅದಕ್ಕೆಂದೇ ಕಾನೂನಿದೆ, ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಬರುತ್ತದೆ.

ಮಕ್ಕಳು ಜೊತೆಗಿದ್ದರೆ ಕಣ್ಣು ಮುಚ್ಚಿಸಬೇಡಿ. ‘ಈ ಅಕ್ಕ ಯಾಕೆ ಬಟ್ಟೆ ಹಾಕಿಲ್ಲ?’ ಅಂತ ಕೇಳಿದರೆ ‘ಸ್ನಾನ ಮಾಡ್ತಿದಾಳೆ’ ಅಂದರೆ ಸಾಕು. ಅವು ನಾಯಿ, ಬೆಕ್ಕು, ಗಿಳಿಯನ್ನು ನಮಗಿಂತ ಮೊದಲು ಕಂಡುಹಿಡಿಯುತ್ತವೆ.

ಚಿತ್ರಸಂತೆಯಲ್ಲಿ ಕೊಳ್ಳುವವರಿಗೆ

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ತುಂಬ ಚಿತ್ರಸಂತೆ ನಡೆಯುತ್ತದೆ. ಅಲ್ಲಿ ಒಂದು ಥರದ ಚಿತ್ರ ಸಾಲುಸಾಲಾಗಿ ಸಿಗುತ್ತದೆ: ಬರಿಬೆನ್ನು, ಒದ್ದೆ ಸೀರೆ, ಕೊಡ, ತಾವರೆ, ಕಲ್ಯಾಣಿಯ ಮೆಟ್ಟಿಲು, ಮುಖ ಮಾತ್ರ ಆ ಕಡೆ. ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚಿನವು ಸೋಮಾರಿ ಚಿತ್ರಗಳು. ತಾವರೆ ಅಲ್ಲಿ ಏನನ್ನೂ ಹೇಳುವುದಿಲ್ಲ, ಬೆನ್ನಿಗೆ ಮರ್ಯಾದೆ ತಂದುಕೊಡಲು ಇದೆ ಅಷ್ಟೆ. ಆದರೆ ಅದೇ ಸಾಲಿನಲ್ಲಿ ನಿಮ್ಮನ್ನು ನಿಲ್ಲಿಸುವ ಒಂದೋ ಎರಡೋ ಚಿತ್ರ ಇದ್ದೇ ಇರುತ್ತವೆ.

ಬರೆದವರು ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುತ್ತಾರೆ. ರೇಟು ಕೇಳುವ ಮೊದಲು ಮಾತಾಡಿಸಿ. ‘ಇವರು ಯಾರು ಸಾರ್, ಮಾಡೆಲ್ ಕೂತಿದ್ರಾ, ಫೋಟೊ ನೋಡಿ ಬರೆದಿದ್ದಾ?’ ಅಂತ ಕೇಳಿ. ಒಪ್ಪಿ ಕೂತ ಮಾಡೆಲ್ ಇದ್ದರೆ ಕಲಾವಿದರು ಸಾಮಾನ್ಯವಾಗಿ ಖುಷಿಯಿಂದ ಹೇಳುತ್ತಾರೆ. ಇಂಟರ್‌ನೆಟ್ಟಿನ ಯಾರದೋ ಫೋಟೊ ಅಂತ ಗೊತ್ತಾದರೆ ಕೊಳ್ಳಬೇಕಾ ಬೇಡವಾ ನೀವೇ ತೀರ್ಮಾನಿಸಿ. ‘ಈ ಗಿಳಿ ಯಾಕೆ ಇಲ್ಲಿಟ್ರಿ?’ ಅಂತಲೂ ಕೇಳಿ. ‘ಚೆನ್ನಾಗಿ ಕಾಣುತ್ತೆ ಅಂತ’ ಅನ್ನುವುದೂ ಒಂದು ಉತ್ತರವೇ.

ಕೊನೆಗೆ ಎಲ್ಲಿ ತೂಗುಹಾಕುತ್ತೀರಿ ಅಂತ ಯೋಚಿಸಿ. ಮನೆಯವರೆಲ್ಲ ಅದರ ಎದುರು ಕೂತು ಕಾಫಿ ಕುಡಿಯಬೇಕಾದವರು. ಮನೆಯ ಹೆಂಗಸರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಫೋನಿನಲ್ಲಿ ಫೋಟೊ ಕಳಿಸಿದರೆ ಸಾಲದು, ಸಂಜೆಯೊಳಗೆ ಅವರನ್ನು ಕರೆದುಕೊಂಡು ಬನ್ನಿ.